ಬರೀ ಕೋವಿಯನ್ನು ಒತ್ತಬಾರದು

ಮೊನ್ನೆ ಕೊಳ್ಳೇಗಾಲದ ಪಾತ್ರೆ ಅಂಗಡಿಗೆ ಗ್ಯಾಸ್ ಲೈಟರ್ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಡಬ್ಬದಿಂದ ಒಂದನ್ನು ತೆಗೆದು, ಕಿಡಿ ಬರುತ್ತದೆಂದು ನನಗೆ ನಂಬಿಕೆ ಹುಟ್ಟಿಸುವುದಕ್ಕಾಗಿ ಟಕ್ ಟಕ್ ಟಕ್ ಎಂದು ಒತ್ತತೊಡಗಿದ. ನಾಲ್ಕನೆಯ ಟಕ್ಕಿಗೆ ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಲೈಟರನ್ನು ಅವನಿಂದ ಕಿತ್ತುಕೊಂಡಿತ್ತು. “ಸಾಕು, ಬರೀದನ್ನ ಒತ್ತಬೇಡಿ” ಎಂದೆ. ಅವನು ಖಾಲಿಯಾದ ತನ್ನ ಕೈಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಅಕ್ಕಾ, ಇದ ಮಾಡಿರದೇ ಒತ್ತಾಕೆ ಕಣಕ್ಕ” ಎಂದ. ಪಕ್ಕದಲ್ಲಿ ಕುಕ್ಕರಿನ ರಬ್ಬರ್ ಕೇಳುತ್ತಿದ್ದ ಹೆಂಗಸು ನನ್ನಿಂದ ಅರ್ಧ ಹೆಜ್ಜೆ ದೂರ ಸರಿದಳು.

ಅವನು ಹೇಳಿದ್ದು ಸರಿಯೇ. ಆದರೆ ಇಪ್ಪತ್ತೇಳು ವರ್ಷ ನಮ್ಮ ಮಾವನವರ ಜೊತೆ ಒಂದೇ ಮನೆಯಲ್ಲಿ ಬಾಳಿದವಳ ಕೈ ಹಾಗೆಲ್ಲ ಸುಮ್ಮನಿರುವುದಿಲ್ಲ. ಬರಿದೇ ಟಕ್ ಎನ್ನುವ ಸದ್ದು ಎಲ್ಲಿ ಕೇಳಿದರೂ, ಅದು ಬಾಲ್‌ಪೆನ್ನಿನದಾಗಲಿ, ಸ್ಟೇಪ್ಲರಿನದಾಗಲಿ, ಅದು ಅತ್ತ ಹೋಗಿಬಿಡುತ್ತದೆ.

ಹಾಗೆ ನೋಡಿದರೆ ಬರೀದರ ಭಯ ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನ ತವರು ಕೌದಳ್ಳಿ. ಅಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ರಾಗಿಕಲ್ಲು ಇತ್ತು. ರಾಗಿ ಹಾಕದೆ ಸುಮ್ಮನೆ ಗೂಟ ಹಿಡಿದು ತಿರುಗಿಸಿದರೆ ಅದು ಗುಡುಗಿನ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದಿಗಾಗಿಯೇ ನಾನು ತಿರುಗಿಸುತ್ತಿದ್ದೆ. ಅವ್ವ ಹಿತ್ತಿಲಿನಿಂದಲೇ ಕೂಗುತ್ತಿದ್ದಳು: “ಲೇ, ಬರೀ ಕಲ್ಲ ತಿರುವಬ್ಯಾಡ ಕಣೆ! ಕಲ್ಲು ಕಲ್ಲ ತಿಂತದೆ, ನಾಳೆ ಮುದ್ದೆ ಒಳಗೆ ಮರಳು ನೀನು ತಿಂತೀಯ.” ಬರೀ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳ. ಮಗು ಇಲ್ಲದ ತೊಟ್ಟಿಲು ತೂಗಿದರೆ ಮಗುವಿಗೆ ಹೊಟ್ಟೆನೋವು. ಬರೀ ಒರಳಿಗೆ ಒನಕೆ ಹಾಕಿದರೆ ಏನಾಗುತ್ತದೆಂದು ಯಾರೂ ಹೇಳಲಿಲ್ಲ, ಆದರೆ ಹಾಕಬಾರದು. ಹೀಗೆ ಲೋಕದಲ್ಲಿ ಬರಿದಾಗಿ ಆಡಿಸಬಾರದ ವಸ್ತುಗಳನ್ನೆಲ್ಲ ಕಲಿತುಕೊಂಡೇ ನಾನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದೆ ಎಂದುಕೊಂಡಿದ್ದೆ. ಒಂದು ಬಾಕಿ ಇತ್ತು. ಅದು ನಡುಕೋಣೆಯ ಬೀರುವಿನಲ್ಲಿ, ಮಾವನವರ ಹಳೆಯ ಪಂಚೆ ಸುತ್ತಿಕೊಂಡು ನಿಂತಿತ್ತು.

ನಮ್ಮ ಮಾವನವರಿಗೆ ಧನಗೆರೆಯಲ್ಲಿ ಜಮೀನು. ಹಂದಿಯ ಕಾಟಕ್ಕೆ ಬೆಳೆ ಉಳಿಸಿಕೊಳ್ಳಲೆಂದು ಪ್ರಾಯದಲ್ಲಿ ಕೋವಿಗೆ ಲೈಸೆನ್ಸ್ ಮಾಡಿಸಿದ್ದರು. ಎಲ್ಲರೂ ಒಂಟಿನಳಿಗೆಯ ಕೋವಿ ತಂದರೆ ಇವರು ತಂದದ್ದು ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಮ್ಯಾನೇಜರೊಬ್ಬರು ಊರು ಬಿಡುವಾಗ ಮಾರಿದ ಪಾಯಿಂಟ್ ಟೂ ಟೂ ರೈಫಲ್ಲು. “ಸೆಮಿ ಆಟೋಮ್ಯಾಟಿಕ್ಕು” ಎಂದು ಮಾವ ಒಂದೊಂದು ಅಕ್ಷರವನ್ನೂ ಬೆಲ್ಲದ ಹಾಗೆ ಚಪ್ಪರಿಸಿ ಹೇಳುತ್ತಾರೆ. ಅಂದರೆ, ಒಮ್ಮೆ ಬೋಲ್ಟನ್ನು ಹಿಂದಕ್ಕೆಳೆದು ಬಿಟ್ಟರಾಯಿತು. ಆಮೇಲೆ ಒಂದು ಈಡು ಹಾರಿದ ಹಿಂದೆಯೇ ಇನ್ನೊಂದು ತೋಟಾ ತಾನಾಗಿ ಒಳಗೆ ಹೋಗಿ ಕೂರುತ್ತದೆ. ಮನುಷ್ಯನಿಗೆ ಉಳಿಯುವುದು ಟ್ರಿಗರ್ ಒತ್ತುವ ಒಂದೇ ಕೆಲಸ. ಆ ಒಂದು ಕೆಲಸವನ್ನು ಮಾಡಬಾರದು ಎನ್ನುವುದೇ ನಮ್ಮ ಮನೆಯ ಕಾನೂನು.

ತೋಟಾ ಹಾಕಿ ಒತ್ತುವಂತಿಲ್ಲ, ಏಕೆಂದರೆ ಕಾಡುಹಂದಿಗೆ ಹೊಡೆದರೆ ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಅಲ್ಲದೆ ಆ ಕಡಲೆಕಾಯಿ ಬೀಜದಷ್ಟು ಗುಂಡು ಹಂದಿಗೆ ತಗುಲಿದರೆ ಅದಕ್ಕೆ ಬಹಳ ದಿನದಿಂದ ಇದ್ದ ತುರಿಕೆ ಹೋಗುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ. ಹಂದಿ ಓಡಿಸುತ್ತಿದ್ದದ್ದು ಪಟಾಕಿ ಮತ್ತು ಎಣ್ಣೆ ಡಬ್ಬ. ಕೋವಿ ಹೊಲದ ಕಾವಲು ಅಟ್ಟಣೆಯ ಮೇಲೆ ಮಾವನವರ ಪಕ್ಕದಲ್ಲಿ ಮಲಗಿ ಬರುತ್ತಿತ್ತು. ತೋಟಾ ಹಾಕದೆ ಒತ್ತುವಂತೆಯೂ ಇಲ್ಲ. ಅದು ಏಕೆಂದು ನನಗೆ ತಿಳಿದದ್ದು ಮದುವೆಯಾದ ಎರಡನೆಯ ತಿಂಗಳಲ್ಲಿ, ಆಯುಧಪೂಜೆಗೆ ಮನೆ ಒರೆಸುತ್ತ ಅದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ ದಿನ. ಮಾವ ಬಂದು ನೋಡಿ, ಬೈಯಲಿಲ್ಲ. ಮಗುವನ್ನು ಬಾವಿಕಟ್ಟೆಯಿಂದ ಇಳಿಸಿಕೊಳ್ಳುವವರ ಹಾಗೆ ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. ಆಮೇಲೆ ಜಗಲಿಯಲ್ಲಿ ಪೇಪರ್ ಹಾಸಿ, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ ತರಿಸಿ, ಪಾಠ ಶುರು ಮಾಡಿದರು.

“ಬ್ಯಾರೆ ಕೋವಿ ತೋಟಾದಲ್ಲಿ ಮದ್ದು ಅತ್ತುಸೋ ಕ್ಯಾಪು ನಡುಮಧ್ಯೆ ಇರ್ತದೆ ಕಣವ್ವ. ಇದ್ರದ್ದು ಅಂಗಲ್ಲ. ತೋಟಾದ ತಳದ ಅಂಚಲ್ಲಿ ಇರ್ತದೆ. ಅದ್ಕೆ ಟ್ರಿಗರ್ ಒತ್ತುದ್ರೆ ಒಳಗಿನ ಪಿನ್ನು ಬಂದು ಅಂಚಿಗೇ ಒಡಿತದೆ. ತೋಟಾ ಇದ್ರೆ ಇತ್ತಾಳೆಗೆ ಬಿತ್ತು, ಸರಿ. ಇಲ್ದೇ ಇದ್ರೆ?”

“ಏನಕ್ಕೆ ಬೀಳ್ತದೆ ಮಾವ?”

“ನಳಿಗೆ ಬಾಯಿಗೇ ಬೀಳ್ತದೆ. ಉಕ್ಕಿಗೆ ಉಕ್ಕು. ಬಾಯಿ ನೆಗ್ಗೋಯ್ತದೆ, ಇಲ್ಲಾ ಪಿನ್ನಿನ ಮೊನೆ ಮುರಿದೋಯ್ತದೆ.”

ನನಗೆ ಅರ್ಥವಾದದ್ದು ಟಿಫನ್ ಕ್ಯಾರಿಯರಿನ ಮೂಲಕ. ಡಬ್ಬಿಯ ಬಾಯಿ ಒಂದು ಕಡೆ ನೆಗ್ಗಿದರೆ ಮುಚ್ಚಳ ಕೂರುವುದಿಲ್ಲ, ಕೂತರೆ ಏಳುವುದಿಲ್ಲ. ಕೋವಿಗೂ ಅದೇ ಗತಿ. ತೋಟಾ ಒಳಗೆ ಕೂತರೆ ಈಚೆ ಬರುವುದಿಲ್ಲ. ಅದನ್ನು ಮಾಡಿದ ಕಂಪನಿ ಯಾವುದೋ ದೇಶದಲ್ಲಿ ಯಾವುದೋ ಕಾಲದಲ್ಲಿ ಬಾಗಿಲು ಹಾಕಿದೆಯಂತೆ. “ಈ ಪಿನ್ನು ಓದ್ರೆ ಇನ್ನೊಂದು ಪಿನ್ನಿಲ್ಲ. ಆಮೇಲಿದು ಕೋವಿ ಅಲ್ಲ, ಊರುಗೋಲು” ಎಂದು ಮಾವ ಪಾಠ ಮುಗಿಸಿದರು.

ಮುಗಿಸಿದರು ಎಂದೆ, ಮುಗಿಯಲಿಲ್ಲ. ಬೋಲ್ಟ್ ಎಳೆದರೆ ಒಳಗಿನ ಸ್ಪ್ರಿಂಗು ಬಿಗಿದುಕೊಳ್ಳುತ್ತದೆ. ಹಾಗೆಯೇ ಬಿಟ್ಟು ಬೀರುವಿನಲ್ಲಿಟ್ಟರೆ ಸ್ಪ್ರಿಂಗು ಸೋತುಹೋಗುತ್ತದೆ. ಸಡಿಲಿಸಬೇಕಾದರೆ ಟ್ರಿಗರ್ ಒತ್ತಬೇಕು. ಒತ್ತಬಾರದು. ಇದಕ್ಕೆ ಮಾವ ಕಂಡುಕೊಂಡ ಉಪಾಯ, ಹಿಂದೆಂದೋ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೊಳವೆ. ಅದನ್ನು ಒಳಗಿಟ್ಟು ಒತ್ತಿದರೆ ಪಿನ್ನಿನ ಪೆಟ್ಟು ಹಿತ್ತಾಳೆಗೆ ಬೀಳುತ್ತದೆ, ನಳಿಗೆಯ ಬಾಯಿ ಉಳಿಯುತ್ತದೆ, ಸ್ಪ್ರಿಂಗೂ ಸಡಿಲವಾಗುತ್ತದೆ. ಆಗ ಬರುವ ಸದ್ದು ಟಕ್ ಅಲ್ಲ, ಟಪ್. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೂ ನಾನು ಟಪ್ಪನ್ನು ಟಕ್ಕಿನಿಂದ ಬೇರೆ ಮಾಡಬಲ್ಲವಳಾದೆ. ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿದರೆ ಶ್ರುತಿಜ್ಞಾನ ಬರುತ್ತದೆನ್ನುತ್ತಾರೆ. ನನಗೆ ಹೀಗೆ ಬಂತು.

ಮನೆಗೆ ಬರುವ ನೆಂಟರದ್ದೇ ದೊಡ್ಡ ಕಷ್ಟ. ಯಾವ ಗಂಡಸಿನ ಕೈಗಾದರೂ ಕೋವಿ ಕೊಟ್ಟು ನೋಡಿ: ಮೊದಲು ತೂಕ ನೋಡುತ್ತಾನೆ, ಆಮೇಲೆ ಒಂದು ಕಣ್ಣು ಮುಚ್ಚುತ್ತಾನೆ, ಆಮೇಲೆ ಬೋಲ್ಟ್ ಎಳೆಯುತ್ತಾನೆ. ಕೊಳವೆ ಹಾರಿ ಸೋಫಾದ ಕೆಳಗೆ ಹೋಗುತ್ತದೆ, ಕೋವಿ ಬರಿದಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿರುವ ಏಕಾದಶಿಗೋ ಅಮಾವಾಸ್ಯೆಗೋ ಗುರಿ ಇಡುತ್ತಾನೆ. ತೋರುಬೆರಳು ಮಡಿಸಿಕೊಳ್ಳುತ್ತದೆ. ಬ್ಯಾಂಕಿನಿಂದ ನಿವೃತ್ತರಾದವರು, ದೇವರ ಕೋಣೆಯಿಂದ ಈಚೆ ಬಾರದವರು, ಸಕ್ಕರೆ ಕಾಯಿಲೆಯವರು, ಎಲ್ಲರ ಬೆರಳೂ ಒಂದೇ. ಅದಕ್ಕೇ ಮಾವ ಕೋವಿ ಕೊಡುವ ಮೊದಲು ತಮ್ಮ ಕಿರುಬೆರಳನ್ನು ಟ್ರಿಗರಿನ ಹಿಂದೆ ತೂರಿಸಿಟ್ಟುಕೊಳ್ಳುತ್ತಿದ್ದರು. ಬೆರಳು ತೆಗೆಯದೆಯೇ ಕೊಡುತ್ತಿದ್ದರು. ನೆಂಟರೂ ಅವರೂ ಧಾರೆಗೆ ನಿಂತವರಂತೆ ಕೈಗೆ ಕೈ ಸೇರಿಸಿ, ಒಬ್ಬರು ಗುರಿ ಇಟ್ಟ ಕಡೆಗೆ ಇಬ್ಬರೂ ತಿರುಗುತ್ತ ನಡುಮನೆಯೆಲ್ಲ ಓಡಾಡುವುದನ್ನು ನಾನು ಕಾಫಿ ತಟ್ಟೆ ಹಿಡಿದು ಎಷ್ಟು ಸಲ ನೋಡಿದ್ದೇನೋ.

ನೆಂಟರನ್ನಾದರೂ ಕಿರುಬೆರಳಿನಲ್ಲಿ ತಡೆಯಬಹುದು. ಸರ್ಕಾರವನ್ನು ತಡೆಯುವುದು ಹೇಗೆ?

ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆ ವಾಪಸ್ಸು. ಪ್ರಜಾಪ್ರಭುತ್ವಕ್ಕೆ ನಮ್ಮ ಮಾವನವರಿಂದ ಏನಾದರೂ ಅಪಾಯ ಬಂದೀತೆಂಬ ಭಯ ಸರ್ಕಾರಕ್ಕೆ. ನಮ್ಮ ಕೋವಿಗೆ ಪ್ರಜಾಪ್ರಭುತ್ವದಿಂದ ಅಪಾಯ ಬಂದೀತೆಂಬ ಭಯ ಮಾವನವರಿಗೆ. ಪಂಚಾಯಿತಿಯದಾಗಲಿ ಪಾರ್ಲಿಮೆಂಟಿನದಾಗಲಿ, ಪ್ರತಿ ಸಲವೂ ಮಾವ ಖುದ್ದಾಗಿ ಹೋಗಿ, ಠಾಣೆಯ ಬೆಂಚಿನಲ್ಲಿ ಕೂತು, ಕೋವಿಗೆ ಚೀಟಿ ಕಟ್ಟಿ ಒಳಗಿಡುವ ತನಕ ಕಣ್ಣು ಕೀಳದೆ ಕಾದು ಬರುತ್ತಿದ್ದರು. ಮಗನನ್ನು ಕಳಿಸಿದವರಲ್ಲ. “ಅವ್ನು ಮೇಷ್ಟ್ರು. ಯಾರಾರ ಒತ್ತುದ್ರೆ ತಡಿಯಾಕಿಲ್ಲ, ನಿಂತ್ಕಂಡು ಕಾರಣ ವಿವರಿಸ್ತನೆ” ಎನ್ನುತ್ತಿದ್ದರು.

ಹೋದ ಚುನಾವಣೆಯ ಹೊತ್ತಿಗೆ ಮಾವ ಬಚ್ಚಲಿನಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ನಮ್ಮವರಿಗೆ ಹನೂರಿನಲ್ಲಿ ಚುನಾವಣಾ ಕೆಲಸದ ತರಬೇತಿ. ಠಾಣೆಗೆ ಒಪ್ಪಿಸಲು ಉಳಿದದ್ದು ಒಂದೇ ದಿನ. ಮಾವ ಬೆಳಿಗ್ಗೆಯಿಂದ ಪೇಪರನ್ನು ತಲೆಕೆಳಗಾಗಿ ಹಿಡಿದು ಕೂತಿದ್ದವರು, ಹನ್ನೊಂದು ಗಂಟೆಯ ಹೊತ್ತಿಗೆ ನನ್ನನ್ನು ಕರೆದರು. ಮಡಿಲಲ್ಲಿ ಕೋವಿ ಇತ್ತು. ನನ್ನ ಹೆಸರಿಗೆ ಬರೆದ ಒಪ್ಪಿಗೆ ಪತ್ರವೂ ಇತ್ತು.

“ಐವತ್ತು ವರ್ಸದಲ್ಲಿ ಇದ ನಾ ಯಾರ ಕೈಲೂ ಆಚೆಗೆ ಕಳಿಸಿಲ್ಲ” ಎಂದರು. “ನಿನ್ ಕೈಲಿ ಕೊಡ್ತಿವ್ನಿ. ಕೊಟ್ಬುಟ್ಟು ಬಂದ್ಬುಡಬ್ಯಾಡ. ಚೀಟಿ ಕಟ್ಟಿ ಒಳಗಿಡಗಂಟ ಅಲ್ಲೇ ಕೂತಿರು. ಒಳಗೆ ಖಾಲಿ ಕೊಳವೆ ಆಕಿವ್ನಿ. ಯಾರೂ ಬರೀದ ಒತ್ತಬಾರ್ದು. ಇನ್‌ಸ್ಪೆಕ್ಟ್ರು ಬಂದ್ರೂವೆ ಬುಡಬ್ಯಾಡ.”

“ಮಂತ್ರಿಗಳು ಬಂದ್ರೆ?” ಎಂದೆ, ಅವರ ಮುಖ ಸ್ವಲ್ಪ ಸಡಿಲವಾಗಲಿ ಎಂದು.

“ನೀತಿಸಂಹಿತೇಲಿ ಮಂತ್ರಿ ಟೇಸನ್‌ಗೆ ಬರಂಗಿಲ್ಲ” ಎಂದರು ಗಂಭೀರವಾಗಿ.

ಕೋವಿಯನ್ನು ಪಂಚೆಯ ಮೇಲೆ ನನ್ನ ಹಳೆಯ ಸೀರೆಯನ್ನೂ ಸುತ್ತಿ ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ಹೊರಟೆ. ಆಟೋದವನು ಕನ್ನಡಿಯಲ್ಲಿ ನೋಡಿ, “ತಂಬೂರಿನಾ ಅಕ್ಕಾ? ಭಜನೆಗಾ?” ಎಂದು ಕೇಳಿದ. ಹೂಂ ಎಂದೆ. ಪೊಲೀಸ್ ಠಾಣೆಯ ಮುಂದೆ ನಿಲ್ಲಿಸು ಎಂದಾಗ ಅವನು ಭಜನೆಯ ಬಗ್ಗೆ ಮತ್ತೇನೂ ಕೇಳಲಿಲ್ಲ.

ಯಾವ ಠಾಣೆ ಎಂದು ನಾನಿಲ್ಲಿ ಹೇಳುವುದಿಲ್ಲ. ಅಲ್ಲಿದ್ದವರೆಲ್ಲ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ತಪ್ಪು ಮಾಡಿದವರು ಯಾರೆಂದು ಮುಂದೆ ನಿಮಗೇ ತಿಳಿಯುತ್ತದೆ. ವರಾಂಡದಲ್ಲಿ ಹತ್ತು ಹದಿನೈದು ಮಂದಿ ರೈತರು ಮಡಿಲಲ್ಲಿ, ತೊಡೆಸಂದಿಯಲ್ಲಿ ಕೋವಿ ಇಟ್ಟುಕೊಂಡು, ದನದ ಆಸ್ಪತ್ರೆಗೆ ಬಂದವರ ಹಾಗೆ ಕೂತಿದ್ದರು. ಹೆಂಗಸು ನಾನೊಬ್ಬಳೇ. ಧನಗೆರೆಯಲ್ಲಿ ನಮ್ಮ ಜಮೀನಿನ ಪಕ್ಕದ ಜಮೀನಿನವರಾದ ಪುಟ್ಟಮಾದಣ್ಣ ನನ್ನನ್ನು ಕಂಡು ಜಾಗ ಬಿಟ್ಟರು. “ಏನಕ್ಕಾ, ಯಜಮಾನ್ರು ಕಾಲು ಮುರ್ಕಂಡ್ರೂವೆ ಕೋವಿ ಬುಡನಿಲ್ವಲ್ಲ!” ಎಂದು ನಕ್ಕರು. ಅವರದು ಒಂಟಿನಳಿಗೆಯ ಕೋವಿ. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದರು.

ಮೇಜಿನ ಹಿಂದೆ ದಫೇದಾರರು ಕೂತಿದ್ದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ನೋಡಿದರೆ ಅಂಚೆ ಮಾಸ್ತರರೆನ್ನಬಹುದಾದ ಸೌಮ್ಯ ಮನುಷ್ಯ. ಒಂದೊಂದೇ ಕೋವಿ ತೆಗೆದುಕೊಳ್ಳುವರು, ತೆರೆದು ನೋಡುವರು, ಮುಚ್ಚುವರು, ಸೂರಿನ ಕಡೆ ಎತ್ತುವರು, ಒತ್ತುವರು. ಟಕ್. “ಖಾಲಿ, ಬರ್ಕಳಪ್ಪ” ಎಂದು ಪಕ್ಕದ ರೈಟರಿಗೆ ಹೇಳುವರು. ಟಕ್. ಖಾಲಿ. ಟಕ್. ಖಾಲಿ. ಬೇರೆಯವರ ಕೋವಿಗಳಿಗೆ ಅದರಿಂದ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ನನಗೆ ಮಾತ್ರ ಒಂದೊಂದು ಟಕ್ಕೂ ಹಲ್ಲಿಗೆ ತಣ್ಣೀರು ತಾಗಿದಂತಾಗುತ್ತಿತ್ತು. ಪುಟ್ಟಮಾದಣ್ಣನ ಕೋವಿಯೂ ಟಕ್ಕಾಯಿತು. ಆಮೇಲೆ ನನ್ನ ಸರದಿ.

ಸೀರೆ ಬಿಚ್ಚಿದೆ, ಪಂಚೆ ಬಿಚ್ಚಿದೆ. “ಇದೇನಮ್ಮ ಪಿಟೀಲಂಗದೆ!” ಎಂದರು ದಫೇದಾರರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೋವಿಯನ್ನೆತ್ತಿಕೊಂಡು ಬೋಲ್ಟನ್ನು ಸರಕ್ಕನೆ ಎಳೆದುಬಿಟ್ಟರು. ಮಾವ ಹಾಕಿದ್ದ ಹಿತ್ತಾಳೆ ಕೊಳವೆ ಚಂಗನೆ ಹಾರಿ, ನೆಲಕ್ಕೆ ಬಿದ್ದು, ಟಣ್ ಟಣ್ ಟಣ್ ಎಂದು ಕುಣಿಯುತ್ತ ಹೋಗಿ ರೈಟರ ಮೇಜಿನ ಕಾಲಿನ ಬಳಿ ನಿಂತಿತು.

ರೈಟರು ಎರಡೂ ಕಾಲುಗಳನ್ನು ಕುರ್ಚಿಯ ಮೇಲಕ್ಕೆತ್ತಿಕೊಂಡರು. ರೈತರು ಬೆಂಚಿನ ಹಿಂದೆ ಸರಿದರು.

“ಲೋಡ್ ಮಾಡ್ಕೊಂಡು ಬಂದಿದ್ದೀರೇನಮ್ಮಾ!” ದಫೇದಾರರ ದನಿ ಕೀರಲಾಯಿತು. “ಸ್ಟೇಷನ್‌ಗೆ! ಎಲೆಕ್ಷನ್ ಟೈಮಲ್ಲಿ! ಸೀರೆ ಒಳಗೆ ಸುತ್ಕೊಂಡು!”

ಮೂರನ್ನು ಬೇರೆ ಬೇರೆಯಾಗಿ ಹೇಳಿದ್ದರೆ ಇಷ್ಟು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ. “ಅದು ಖಾಲಿ ಕೊಳವೆ ಸಾರ್” ಎಂದು ಎತ್ತಿಕೊಳ್ಳಲು ಬಗ್ಗಿದೆ. “ಮುಟ್ಬೇಡಿ!” ಎಂದು ಕಿರುಚಿದರು. ಕೊನೆಗೆ ಧೈರ್ಯ ಮಾಡಿದವರು ಪುಟ್ಟಮಾದಣ್ಣ. ಮೇಜಿನ ಕೆಳಗೆ ತೂರಿ, ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು, ಒಳಗೆ ಇಣುಕಿ ನೋಡಿ, ತುಟಿಗಿಟ್ಟು ಊದಿದರು. ಕೀ ಎಂದು ಸಣ್ಣ ಶಿಳ್ಳೆ ಬಂತು. “ಖಾಲಿ ಸಾ! ಪೀಪಿ ಊದಬೋದು!” ಎಂದು ಇನ್ನೊಮ್ಮೆ ಊದಿ ತೋರಿಸಿದರು. ಬೆಂಚಿನ ಹಿಂದಿನಿಂದ ನಗು ಎದ್ದಿತು.

ನಗು ದಫೇದಾರರಿಗೆ ಒಗ್ಗಲಿಲ್ಲ. “ಒಂದು ಖಾಲಿ ಇದ್ರೆ ಇನ್ನೊಂದು ಒಳಗಿರಬಾರ್ದು ಅಂತಿದ್ಯಾ?” ಎನ್ನುತ್ತ ಕೋವಿಯ ಒಳಗೆ ನೋಡಿದರು, ಬೋಲ್ಟ್ ಬಿಟ್ಟರು, ಸೂರಿನ ಕಡೆ ಎತ್ತಿದರು. ಬೆರಳು ಟ್ರಿಗರಿಗೆ ಹೋಯಿತು.

“ಒತ್ತಬೇಡಿ!”

ನಾನು ಕೂಗಿದ್ದೇ ಅಲ್ಲದೆ ಮೇಜಿನ ಮೇಲೆ ಬಗ್ಗಿ ಅವರ ಕೈಯನ್ನೇ ಹಿಡಿದುಬಿಟ್ಟಿದ್ದೆ. ಆಮೇಲೆ ನನಗೆ ಎಲ್ಲಿಂದ ಅಷ್ಟು ಮಾತು ಬಂತೋ ಕಾಣೆ. ತೋಟಾದ ಅಂಚು, ಅಂಚಿನ ಮದ್ದು, ಉಕ್ಕಿಗೆ ಬೀಳುವ ಉಕ್ಕು, ಬಾಗಿಲು ಹಾಕಿದ ಕಂಪನಿ, ಎಲ್ಲವನ್ನೂ ಹೇಳಿದೆ. ರೈಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಟಿಫನ್ ಕ್ಯಾರಿಯರಿನ ಉದಾಹರಣೆ ಕೊಟ್ಟಾಗ ರೈತರಲ್ಲಿ ಇಬ್ಬರು ತಲೆಯಾಡಿಸಿದರು.

ದಫೇದಾರರು ಕನ್ನಡಕ ತೆಗೆದು ಒರೆಸಿಕೊಂಡರು. “ನನ್ ಸರ್ವೀಸಲ್ಲಿ, ಹೊಡೀಬೇಡಿ ಸಾ, ಗುಂಡು ಹೊಡೀಬೇಡಿ ಸಾ ಅಂದೋರ ಕಂಡಿದ್ದೀನಿ. ಗುಂಡಿಲ್ದಿರೋದನ್ನ ಒತ್ತಬೇಡಿ ಅಂದೋರು ನೀವೇ ಮೊದಲು ನೋಡಿ” ಎಂದರು. ಆಮೇಲೆ ಸೋತವರ ಹಾಗೆ ಕೋವಿಯನ್ನು ನನ್ನ ಕೈಗೇ ಕೊಟ್ಟರು. “ಆಯ್ತಮ್ಮಾ. ನಾನು ಒತ್ತಲ್ಲ. ನಿಮ್ ಕೋವಿ, ನೀವೇ ಖಾಲಿ ಅಂತ ತೋರ್ಸಿ.”

ಗೆದ್ದಿದ್ದೆ. ಹದಿನೈದು ಗಂಡಸರ ಎದುರಿಗೆ, ಪೊಲೀಸ್ ಠಾಣೆಯ ಒಳಗೆ, ಮಾವನವರ ಕೋವಿಯನ್ನು ಕಾಪಾಡಿದ್ದೆ. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಅಷ್ಟೇ ಮರ್ಯಾದೆಯಿಂದ ಉತ್ತರ ಕೊಡಬೇಡವೇ? ಬಾಗಿಲ ಪಕ್ಕದ ಮರಳಿನ ಬಕೆಟ್ಟಿನ ಕಡೆಗೆ ನಳಿಗೆ ತಿರುಗಿಸಿ, “ನೋಡಿ ಸಾರ್, ಖಾಲಿ” ಎಂದು ಹೇಳಿ, ಒತ್ತಿದೆ.

ಟಕ್.

ಟಪ್ ಅಲ್ಲ, ಟಕ್.

ನಾನು ತಡೆದದ್ದು ಪೊಲೀಸರನ್ನು. ನನ್ನನ್ನು ತಡೆಯುವಂತೆ ಮಾವ ಅಲ್ಲಿ ಯಾರಿಗೂ ಹೇಳಿ ಕಳಿಸಿರಲಿಲ್ಲ.

“ಖಾಲಿ, ಬರ್ಕಳಪ್ಪ” ಎಂದರು ದಫೇದಾರರು. ಕೋವಿಗೆ ಚೀಟಿ ಕಟ್ಟಿದರು. ಒಳಗಿಟ್ಟರು. ರಸೀದಿ ಕೊಟ್ಟರು. ನಾನು ಎಲ್ಲದಕ್ಕೂ ತಲೆಯಾಡಿಸಿದೆನಂತೆ. ಮೆಟ್ಟಿಲಿಳಿಯುವಾಗ ಪುಟ್ಟಮಾದಣ್ಣ ಹಿಂದಿನಿಂದ ಬಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, “ನೀವೇ ಒತ್ಬುಟ್ರಲ್ಲಕ್ಕಾ” ಎಂದರು.

“ಮಾವನಿಗೆ ಹೇಳಬೇಡಿ ಪುಟ್ಟಮಾದಣ್ಣ.”

“ನಾ ಯಾಕೆ ಏಳ್ಳಿ? ಒಂದು ಕಿತಾ ಒತ್ತುದ್ರೆ ಏನಾಗಾಕಿಲ್ಲ ಬುಡಿ” ಎಂದು ಕೊಳವೆಯನ್ನು ನನ್ನ ಕೈಗಿಟ್ಟರು. ಅದು ಇನ್ನೂ ಅವರ ಎಂಜಲಿನಿಂದ ಒದ್ದೆಯಾಗಿತ್ತು.

ಮನೆಗೆ ಬಂದಾಗ ಮಾವ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬಾಗಿಲಿನ ಕಡೆಗೇ ಮುಖ ಮಾಡಿ ಕೂತಿದ್ದರು. ಊಟ ಮಾಡಿರಲಿಲ್ಲ. ರಸೀದಿ ಕೇ‍ಳಲಿಲ್ಲ. “ಯಾರಾರ ಒತ್ತುದ್ರಾ?” ಎಂದರು.

“ಪೊಲೀಸ್ನೋರು ಯಾರೂ ಒತ್ತಲಿಲ್ಲ ಮಾವ” ಎಂದೆ. ಬೇಕಾದರೆ ಆ ವಾಕ್ಯವನ್ನು ಯಾವ ಕೋರ್ಟಿನಲ್ಲಾದರೂ ಇಟ್ಟು ನೋಡಿ, ಒಂದಕ್ಷರ ಸುಳ್ಳಿಲ್ಲ.

ಮಾವ ಎರಡು ಮುದ್ದೆ ಉಂಡರು.

ಸುಳ್ಳು ಹೇಳಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ನಿಜ ಹೇಳಿ ಸಿಕ್ಕಿಬಿದ್ದೆ. ಎರಡು ದಿನ ಬಿಟ್ಟು ಪುಟ್ಟಮಾದಣ್ಣ ಕಾಲು ನೋಡುವ ನೆಪದಲ್ಲಿ ಎಳನೀರು ತಂದವರು, ನನಗೆ ಉಪಕಾರ ಮಾಡುತ್ತೇನೆಂದುಕೊಂಡು ಠಾಣೆಯ ಕಥೆಯನ್ನೆಲ್ಲ ಅಭಿನಯಿಸಿ ತೋರಿಸಿದರು. “ದಪೇದಾರ್ರ ಕೈನೇ ಇಡ್ಕಬುಟ್ರು ಕಣ್ರಿ ಯಜಮಾನ್ರೇ! ಒತ್ತಬ್ಯಾಡಿ ಅಂತ ಕೂಗುದ್ರು ನೋಡಿ, ಲಾಕಪ್ಪಲ್ಲಿದ್ದೋನೂ ಎದ್ದು ನಿಂತ್ಕಂಡ.” ಆಮೇಲೇನಾಯಿತು ಎಂದು ಮಾವ ಕೇಳಿದಾಗ, ನನ್ನ ಕಡೆ ಒಮ್ಮೆ ನೋಡಿ, “ಆಮೇಲೇನು? ಬರ್ಕಂಡ್ರು” ಎಂದರು.

ಅಂದಿನಿಂದ ಮನೆಗೆ ಬಂದವರಿಗೆಲ್ಲ ಮಾವ ಈ ಕಥೆ ಹೇಳತೊಡಗಿದರು. ಯಳಂದೂರಿನಿಂದ ಬಂದ ನೆಂಟರಿಗೆ, ಹಾಲಿನವನಿಗೆ, ಮತ ಕೇಳಲು ಬಂದ ಮೂರೂ ಪಕ್ಷದವರಿಗೆ. ಕೊನೆಯ ಮಾತು ಪ್ರತಿ ಸಲವೂ ಒಂದೇ: “ನನ್ ಮಗ ಆಗಿದ್ರೆ ಬುಟ್ಬುಡ್ತಿದ್ದ. ನನ್ ಸೊಸೆ ಬುಡನಿಲ್ಲ.” ನಾನು ಹೊಗಳಿಸಿಕೊಳ್ಳುತ್ತ, ಕಾಫಿ ಕೊಡುತ್ತ, ದಿನಕ್ಕೊಂದಿಷ್ಟು ಸಣ್ಣಗಾದೆ. ನಮ್ಮವರು ಮಾತ್ರ ಒಮ್ಮೆ, “ಅಪ್ಪ ನನ್ನನ್ನ ಇಷ್ಟು ಹೊಗಳಿದ್ದು ನನಗೆ ನೆನಪಿಲ್ಲ ಮಾರಾಯ್ತಿ” ಎಂದು ಹೊಟ್ಟೆಕಿಚ್ಚು ಪಟ್ಟರು. ಆ ಹೊಗಳಿಕೆಯನ್ನು, ಬೇಕಾದರೆ ತೆಗೆದುಕೊಳ್ಳಿ ಎಂದು ಕೊಡುವ ಹಾಗಿದ್ದರೆ ಆಗಲೇ ಕೊಟ್ಟುಬಿಡುತ್ತಿದ್ದೆ.

ಫಲಿತಾಂಶ ಬಂತು. ಯಾರೋ ಗೆದ್ದರು. ಮಾವನವರ ಪ್ಲಾಸ್ಟರು ಅಷ್ಟರಲ್ಲಿ ಬಿಚ್ಚಿಸಿಯಾಗಿತ್ತು. ಕೋಲೂರಿಕೊಂಡು ನನ್ನ ಜೊತೆ ಬಂದು ಕೋವಿ ಬಿಡಿಸಿಕೊಂಡರು. ಮನೆಗೆ ಬಂದವರೇ ಜಗಲಿಯಲ್ಲಿ ಪೇಪರ್ ಹಾಸಿ, ಬೋಲ್ಟ್ ಎಳೆದು ಹಿಡಿದು, ಟಾರ್ಚೂ ಹೊಲಿಗೆ ಸೂಜಿಯೂ ತಾ ಎಂದರು. ಪ್ರತಿ ಚುನಾವಣೆಯ ನಂತರವೂ ಅವರು ಹೀಗೆ ಪರೀಕ್ಷೆ ಮಾಡುತ್ತಿದ್ದರೆಂದು ನನಗೆ ಗೊತ್ತಿತ್ತು. ಸೂಜಿ ಹುಡುಕಲು ಬಹಳ ಹೊತ್ತು ಮಾಡಿದೆ.

ಮಾವ ಸೂಜಿಯ ಮೊನೆಯನ್ನು ನಳಿಗೆಯ ಬಾಯಿಗೆ ಒಯ್ದರು. ಕೈ ನಡುಗುತ್ತಿತ್ತು. ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದರದು ಬಾಕಿ ಇತ್ತು. ಟಾರ್ಚನ್ನು ಹತ್ತಿರ ತಂದರು, ದೂರ ಹಿಡಿದರು. ಕೊನೆಗೆ ಸೂಜಿಯನ್ನು ನನ್ನ ಕಡೆ ಚಾಚಿದರು.

“ನಂಗೆ ಕಾಣಾಕಿಲ್ಲ ಕಣವ್ವ. ನೀನೇ ನೋಡಿ ಏಳು. ಗಡಿಯಾರ್ದಲ್ಲಿ ಅನ್ನೆರಡು ಗಂಟೆ ಇರ್ತದಲ್ಲ, ಆ ಕಡೆ ಅಂಚು. ಸೂಜಿ ಆಡ್ಸು, ತಗ್ಗಿದ್ರೆ ಸಿಕ್ಕಾಕ್ಕತದೆ.”

ಹೀಗೆ ಕಳ್ಳಿಯ ಕೈಗೇ ದೀಪ ಬಂತು. ಸೂಜಿ ಆಡಿಸಿದೆ. ಹನ್ನೆರಡು ಗಂಟೆಯ ಕಡೆ ಅದು ಸಣ್ಣಗೆ ಸಿಕ್ಕಿಕೊಂಡಿತು. ಟಾರ್ಚ್ ಹಿಡಿದು ನೋಡಿದೆ. ಗಸಗಸೆಯ ಅರ್ಧದಷ್ಟು ತಗ್ಗು, ಹೊಳೆಯುವ ಹೊಸ ತಗ್ಗು. ಇಲ್ಲ ಮಾವ, ಏನೂ ಇಲ್ಲ ಎಂದರೆ ಮುಗಿಯಿತು. ಅವರ ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯದು, ನಮ್ಮವರು ಮನೆಯಲ್ಲಿಲ್ಲ. ಇಷ್ಟು ಸುಲಭವಾದ ಸುಳ್ಳು ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಬಹುಶಃ ಅದಕ್ಕೇ ಹೇಳಲಾಗಲಿಲ್ಲ.

“ಮಾವ, ಅವತ್ತು ಪೊಲೀಸ್ನೋರು ಒತ್ತಲಿಲ್ಲ. ನಾನೇ ಒತ್ತಿಬಿಟ್ಟೆ. ಖಾಲಿ ಅಂತ ತೋರಿಸೋಕೆ ಹೋಗಿ” ಎಂದೆ. ತಲೆ ಎತ್ತಲಿಲ್ಲ.

ಮಾವ ಕೋವಿಯನ್ನು ನನ್ನ ಕಡೆಗೆ ಇನ್ನಷ್ಟು ವಾಲಿಸಿ ಕೇಳಿದರು: “ಎಷ್ಟವೆ?”

“ಏನು ಮಾವ?”

“ಗುರುತು. ಎಷ್ಟವೆ ನೋಡು.”

ಮತ್ತೆ ಟಾರ್ಚ್ ಹಿಡಿದೆ. ನನ್ನ ತಗ್ಗಿನ ಪಕ್ಕದಲ್ಲೇ, ಒಂದು ಕೂದಲೆಳೆ ಆಚೆ, ಇನ್ನೊಂದಿತ್ತು. ಹಳೆಯದು, ಎಣ್ಣೆ ಕುಡಿದು ಕಪ್ಪಾಗಿತ್ತು. “ಎರಡು” ಎಂದೆ.

“ಸರ್ಯಾಗಿ ನೋಡು. ಮೂರಿಲ್ವಾ? ನಾಕು?”

“ಇಲ್ಲ ಮಾವ. ಎರಡೇ.”

ಅವರು ಗೋಡೆಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟರು. “ಎರಡೇ ಆದ್ರೆ ಒಂದು ನಿಂದು, ಒಂದು ನಂದು” ಎಂದರು. “ಕಣ್ಣು ಮಂಜಾದಾಗ್ಲಿಂದ ಎಲೆಕ್ಸನ್ ಎಲೆಕ್ಸನ್‌ಗೂ ಪೊಲೀಸ್ನೋರ ಮೇಲೆ ಸುಮ್ಕೆ ಅನುಮಾನ ಪಟ್ಟೆ. ಪಾಪ, ಅವರು ಒತ್ತಿಲ್ಲ.”

“ನಿಮ್ಮದಾ?”

“ತಂದ ದಿನವೇ. ಬೆಟ್ಟ ಇಳ್ದು ಯಳಂದೂರಲ್ಲಿ ಬಸ್ಸಿಗೆ ಕಾಯ್ತಾ ಒಂದು ಮರದಡಿ ಕೂತಿದ್ದೆ. ಆ ಮ್ಯಾನೇಜರ್ರು ಮೂರು ಮೂರು ಕಿತಾ ಏಳಿದ್ರು, ಬರೀದ ಒತ್ತಬ್ಯಾಡ ಅಂತ.”

“ಮತ್ತೆ ಯಾಕೆ ಒತ್ತಿದ್ರಿ?”

“ಮೂರು ಕಿತಾ ಏಳುದ್ರಲ್ಲ, ಅದ್ಕೇ” ಎಂದರು.

ಸಂಜೆ ಪುಟ್ಟಮಾದಣ್ಣ ಕೋವಿ ಬಿಡಿಸಿಕೊಂಡು ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದರು. ನಮ್ಮವರೂ ಆಗತಾನೆ ಶಾಲೆಯಿಂದ ಬಂದಿದ್ದರು. ಮಾವ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆಬಟ್ಟೆಯಲ್ಲಿ ಒರೆಸುತ್ತ ಎದೆ ಸೆಟೆಸಿ ಹೇಳಿದರು: “ಐವತ್ತು ವರ್ಸ ಆಯ್ತು ಕಣಪ್ಪ ಪುಟ್ಟಮಾದ. ಇವತ್ತು ಸೊಸೆ ಕೈಲೇ ಸೂಜಿ ಆಕ್ಸಿ ನೋಡಿಸ್ದೆ. ಮನೆ ಆಚೆಯೋನು ಒಬ್ಬನೂ ಒತ್ತಿಲ್ಲ.”

ಪುಟ್ಟಮಾದಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಕಾಫಿಗೆ ನೀರಿಡಲು ಒಳಗೆ ಹೋದೆ.